ಮಳೆಯೂ ಮಿತ್ರಸೈನ್ಯಗಳೂ: 1791ರ ಶ್ರೀರಂಗಪಟ್ಟಣದ ದಂಡಯಾತ್ರೆ ಮತ್ತು ಸಿರಾ-ಮಧುಗಿರಿ ಮಾರ್ಗ

ಯುದ್ಧಗಳ ಇತಿಹಾಸವನ್ನು ಬರೆಯುವವರು ಅರಸರ ಉದ್ದೇಶಗಳಿಗೂ ಸೇನಾನಿಗಳ ಚಾತುರ್ಯಕ್ಕೂ ಕೊಡುವಷ್ಟು ಗಮನವನ್ನು ಋತುಮಾನಗಳಿಗೆ ಕೊಡುವುದು ಅಪೂರ್ವ. ಕೊಟ್ಟರೂ ಅದು ಸೋಲಿಗೆ ಒಂದು ಸಮಾಧಾನವನ್ನು ಹೇಳುವುದಕ್ಕಾಗಿ ಮಾತ್ರ. “ಮಳೆ ಬಂದುದರಿಂದ ಸೈನ್ಯವು ಹಿಂತಿರುಗಿತು” ಎಂಬ ಒಂದು ವಾಕ್ಯದಲ್ಲಿ ನಮ್ಮ ಪಠ್ಯಪುಸ್ತಕಗಳು 1791ರ ಮೇ ತಿಂಗಳಿನ ಘಟನೆಯನ್ನು ಮುಗಿಸಿಬಿಡುತ್ತವೆ. ಈ ವಾಕ್ಯವು ಸುಳ್ಳಲ್ಲ. ಆದರೆ ಅದು ಎಷ್ಟನ್ನು ತಿಳಿಸುತ್ತದೆಯೋ ಅದಕ್ಕಿಂತ ಹೆಚ್ಚನ್ನು ಮರೆಮಾಡುತ್ತದೆಂಬುದನ್ನು ತೋರಿಸುವುದೇ ಪ್ರಕೃತ ಲೇಖನದ ಉದ್ದೇಶ.

ವಿಷಯಪ್ರವೇಶಕ್ಕಾಗಿ ನಮ್ಮ ಕಾಲದ ಒಂದು ನಿದರ್ಶನವನ್ನು ನೋಡಬಹುದು. 2010ರ ಏಪ್ರಿಲ್ 14ರಂದು ಐಸ್‌ಲೆಂಡಿನ ಎಯ್ಯಾಫ್ಯಾಲ್ಲಯೋಕುಲ್ ಎಂಬ ಜ್ವಾಲಾಮುಖಿಯು ಭುಗಿಲೆದ್ದು, ಅದರ ಬೂದಿಯು ಯೂರೋಪಿನ ಆಕಾಶವನ್ನೆಲ್ಲ ವ್ಯಾಪಿಸಿತು. ಆ ದಿನಗಳಲ್ಲಿಯೇ ನೇಟೋ ಒಕ್ಕೂಟದ ರಾಷ್ಟ್ರಗಳು ‘ಬ್ರಿಲಿಯಂಟ್ ಆರ್ಡೆಂಟ್’ ಎಂಬ ಸಂಯುಕ್ತ ವಿಮಾನ ಸಮರಾಭ್ಯಾಸವನ್ನು ನಡೆಸುತ್ತಿದ್ದುವು. ಅದರ ಹಾರಾಟಗಳಿಗೆ ಅಡ್ಡಿಯುಂಟಾಯಿತು. ಬೂದಿಯ ಮೋಡದೊಳಗೆ ಹಾರಿಬಂದ ಫಿನ್‌ಲೆಂಡ್ ವಾಯುಪಡೆಯ ಯುದ್ಧವಿಮಾನಗಳ ಯಂತ್ರಗಳನ್ನು ಪರೀಕ್ಷಿಸಿದಾಗ, ಬೂದಿಯ ಕಣಗಳು ಒಳಗಿನ ಕಾವಿಗೆ ಕರಗಿ ಗಾಜಿನಂತೆ ಅಂಟಿಕೊಂಡಿದ್ದುದು ಕಂಡುಬಂದಿತು. ಆ ವಿಮಾನಗಳ ಚಾಲಕರಾಗಲಿ ಸೇನಾಧಿಕಾರಿಗಳಾಗಲಿ ಅಸಮರ್ಥರಾಗಿರಲಿಲ್ಲ. ಅನೇಕ ರಾಷ್ಟ್ರಗಳ ಪಡೆಗಳು ಗೊತ್ತಾದ ದಿನ, ಗೊತ್ತಾದ ಸ್ಥಳದಲ್ಲಿ ಕೂಡಬೇಕೆಂಬ ಏರ್ಪಾಡಿನಲ್ಲಿ ಆಕಾಶವೂ ಒಬ್ಬ ಪಾಲುಗಾರನೆಂಬುದು ಮಾತ್ರ ಲೆಕ್ಕಕ್ಕೆ ಬಂದಿರಲಿಲ್ಲ.

ಇದಕ್ಕೆ 219 ವರ್ಷಗಳ ಹಿಂದೆ, ವಿಮಾನಗಳಿಲ್ಲದ ಕಾಲದಲ್ಲಿ, ಇದೇ ಬಗೆಯ ಒಂದು ಪ್ರಸಂಗ ನಮ್ಮ ನಾಡಿನಲ್ಲಿಯೇ ನಡೆಯಿತು. ಮೂರು ಪ್ರಭುತ್ವಗಳ ಸೈನ್ಯಗಳು ಶ್ರೀರಂಗಪಟ್ಟಣದ ಮುಂದೆ ಕೂಡಬೇಕಾಗಿದ್ದಿತು. ಅವುಗಳಲ್ಲೊಂದು ಬಂದ ದಾರಿ ಇಂದಿನ ತುಮಕೂರು ಜಿಲ್ಲೆಯ ಸಿರಾ ಸೀಮೆಯದು. ಆದ್ದರಿಂದ ಸಿರಾ, ಮಧುಗಿರಿ, ಕೊರಟಗೆರೆ, ಪಾವಗಡಗಳ ವಿದ್ಯಾರ್ಥಿಗಳಿಗೆ ಇದು ದೂರದ ಕಥೆಯಲ್ಲ.

1. ಮೂರು ಸೈನ್ಯಗಳ ಏರ್ಪಾಡು

1789ರ ಡಿಸೆಂಬರ್ ಕೊನೆಯಲ್ಲಿ ಟೀಪು ಸುಲ್ತಾನನು ತಿರುವಾಂಕೂರಿನ ಗಡಿಗೋಡೆಯ ಮೇಲೆ ಏರಿಹೋದುದು ಮೂರನೆಯ ಮೈಸೂರು ಯುದ್ಧಕ್ಕೆ ಕಾರಣವಾಯಿತು. ಗವರ್ನರ್ ಜನರಲ್ ಆಗಿದ್ದ ಕಾರ್ನ್‌ವಾಲಿಸನು 1790ರ ಜೂನ್ ತಿಂಗಳಿನಲ್ಲಿ ಪುಣೆಯ ಪೇಶ್ವೆಯೊಡನೆಯೂ, ಜುಲೈ ತಿಂಗಳಿನಲ್ಲಿ ಹೈದರಾಬಾದಿನ ನಿಜಾಮನೊಡನೆಯೂ ಒಪ್ಪಂದಗಳನ್ನು ಮಾಡಿಕೊಂಡನು. ಹೀಗೆ ಕಂಪೆನಿ, ಮರಾಠರು, ನಿಜಾಮ ಎಂಬ ಮೂರು ಶಕ್ತಿಗಳು ಒಂದಾದುವು.

ಒಂದಾದುವೆಂದರೆ ಕಾಗದದ ಮೇಲೆ ಒಂದಾದುವೆಂದೇ ಅರ್ಥ. ನೆಲದ ಮೇಲೆ ಈ ಸೈನ್ಯಗಳು ಬೇರೆಬೇರೆ ದಿಕ್ಕುಗಳಲ್ಲಿದ್ದುವು. ಮದರಾಸಿನ ಕಡೆಯಿಂದ ಕಾರ್ನ್‌ವಾಲಿಸನು ಸ್ವತಃ ಬಂದು 1791ರ ಮಾರ್ಚ್ 21ರ ರಾತ್ರಿ ಬೆಂಗಳೂರಿನ ಕೋಟೆಯನ್ನು ಹಿಡಿದನು. ಮಲೆಯಾಳದ ಕರಾವಳಿಯಿಂದ ಅಬರ್‌ಕ್ರಾಂಬಿಯ ನಾಯಕತ್ವದ ಮುಂಬಯಿ ಸೈನ್ಯವು ಕೊಡಗಿನ ಮೂಲಕ ಘಟ್ಟವನ್ನೇರಿ ಪಿರಿಯಾಪಟ್ಟಣದ ಕಡೆಗೆ ಬರುತ್ತಿದ್ದಿತು. ಪರಶುರಾಮ ಭಾವೂ ಪಟವರ್ಧನನ ಮರಾಠಾ ಸೈನ್ಯವೂ, ಅದಕ್ಕೆ ಜೊತೆಗೂಡಿದ್ದ ಕ್ಯಾಪ್ಟನ್ ಲಿಟ್ಲ್ ಎಂಬವನ ಇಂಗ್ಲಿಷ್ ತುಕಡಿಯೂ ಧಾರವಾಡದ ಮುತ್ತಿಗೆಯಲ್ಲಿ ಆರು ತಿಂಗಳಿಗೂ ಮೇಲ್ಪಟ್ಟು ಸಿಕ್ಕಿಬಿದ್ದಿದ್ದುವು. ಬದ್ರುಜ್ಜಮಾನ್ ಖಾನನು ರಕ್ಷಿಸುತ್ತಿದ್ದ ಆ ಕೋಟೆಯು 1791ರ ಏಪ್ರಿಲ್ ಮೊದಲ ದಿನಗಳಲ್ಲಿ ಮಾತ್ರ ಕೈವಶವಾಯಿತು. ಪುಣೆಯಿಂದ ಹೊರಟ ಮತ್ತೊಂದು ದೊಡ್ಡ ಸೈನ್ಯದೊಡನೆ ಹರಿಪಂತ ಫಡಕೆಯು ಸಿರಾ ಮಾರ್ಗವಾಗಿ ದಕ್ಷಿಣಕ್ಕೆ ಇಳಿಯುತ್ತಿದ್ದನು. ನಿಜಾಮನ ಸುಮಾರು ಹತ್ತು ಸಾವಿರ ಕುದುರೆಗಳ ದಳವು ಏಪ್ರಿಲ್ ತಿಂಗಳಿನಲ್ಲಿ ಕಾರ್ನ್‌ವಾಲಿಸನನ್ನು ಕೂಡಿಕೊಂಡಿತು. ಆ ದಳದಿಂದ ಆದ ಸಹಾಯವು ಅಲ್ಪ. ಅದು ತಿಂದುಹಾಕಿದ ಮೇವು ಮಾತ್ರ ಅಪಾರ.

ಈ ಸೈನ್ಯಗಳೆಲ್ಲ ಒಂದೆಡೆ ಸೇರುವುದಕ್ಕೆ ಖಚಿತವಾದ ದಿನವೂ ಇರಲಿಲ್ಲ, ತಡವಾದರೆ ಸುದ್ದಿ ಮುಟ್ಟಿಸುವುದಕ್ಕೆ ಭದ್ರವಾದ ದಾರಿಯೂ ಇರಲಿಲ್ಲ. ಇದನ್ನು ವಾಚಕರು ಮುಖ್ಯವಾಗಿ ನೆನಪಿನಲ್ಲಿಡಬೇಕು.

2. ಸಿರಾ-ಮಧುಗಿರಿ ಸೀಮೆಯ ಸ್ಥಾನ

ಹರಿಪಂತನು ಸಿರಾ ಮಾರ್ಗವನ್ನು ಹಿಡಿದುದು ಆಕಸ್ಮಿಕವಲ್ಲ. 1638ರಲ್ಲಿ ಬಿಜಾಪುರದ ರಣದುಲ್ಲಾ ಖಾನನು ಈ ಪ್ರಾಂತವನ್ನು ಗೆದ್ದ ಕಾಲದಿಂದಲೂ ಉತ್ತರದಿಂದ ಮೈಸೂರಿಗೆ ಇಳಿಯುವ ಸೈನ್ಯಗಳಿಗೆ ಸಿರಾ ಒಂದು ಹೆಬ್ಬಾಗಿಲಿನಂತಿದ್ದಿತು. 1687ರಲ್ಲಿ ಮೊಗಲರು ಇದನ್ನು ಏಳು ಪರಗಣೆಗಳ ಒಂದು ಸುಬಾದ ಕೇಂದ್ರವನ್ನಾಗಿ ಮಾಡಿದರು. 1761ರಲ್ಲಿ ಹೈದರಾಲಿಯ ಕೈಸೇರಿ, 1766ರಲ್ಲಿ ಮರಾಠರ ಪಾಲಾಗಿ, 1774ರಲ್ಲಿ ಟೀಪುವಿನಿಂದ ಮರಳಿ ಗೆಲ್ಲಲ್ಪಟ್ಟ ಈ ಊರು ಮೂವತ್ತು ವರ್ಷಗಳಲ್ಲಿ ಅನೇಕ ಧ್ವಜಗಳನ್ನು ಕಂಡಿದ್ದಿತು.

ಮಧುಗಿರಿಯ ಇತಿಹಾಸವೂ ಇದಕ್ಕೆ ಸಮಾನಾಂತರವಾಗಿದೆ. ಸುಮಾರು 3,930 ಅಡಿ ಎತ್ತರದ ಏಕಶಿಲೆಯ ಬೆಟ್ಟದ ಮೇಲಿನ ಈ ದುರ್ಗವನ್ನು ಚಿಕ್ಕದೇವರಾಜ ಒಡೆಯರ ಕಾಲದಲ್ಲಿ, 1678ರಲ್ಲಿ, ಸ್ಥಳೀಯ ನಾಯಕರಿಂದ ಮೈಸೂರಿನವರು ವಶಪಡಿಸಿಕೊಂಡಿದ್ದರು. ಹೈದರಾಲಿಯು ಇದನ್ನು ಇನ್ನಷ್ಟು ಬಲಪಡಿಸಿದನು. 1763ರಲ್ಲಿ ಬಿದನೂರನ್ನು ಗೆದ್ದಾಗ ಅಲ್ಲಿನ ರಾಣಿಯನ್ನು ಸೆರೆಯಿಟ್ಟುದು ಇಲ್ಲಿಯೇ. 1767ರಲ್ಲಿ ಪೇಶ್ವೆ ಮಾಧವರಾಯನ ಸೈನ್ಯವು ಕೋಟೆಯನ್ನು ಹಿಡಿದಾಗ ಆಕೆಯ ಬಿಡುಗಡೆಯಾಯಿತು. ಕೊರಟಗೆರೆಯ ಕಡೆಗೆ ಚನ್ನರಾಯನದುರ್ಗ, ಪಾವಗಡದ ಕಡೆಗೆ ಪಾವಗಡ ಮತ್ತು ನಿಡುಗಲ್ಲು, ನಡುವೆ ಮಿಡಿಗೇಶಿ. ಹೀಗೆ ಈ ಪ್ರದೇಶವು ಗಿರಿದುರ್ಗಗಳ ಒಂದು ಸಾಲು. ಬಯಲಿನ ದಾರಿಯಲ್ಲಿ ಸೈನ್ಯವು ಸುಲಭವಾಗಿ ಸಾಗಬಹುದು. ಆದರೆ ಹಿಂದೆ ಬಿಟ್ಟುಹೋದ ಪ್ರತಿಯೊಂದು ದುರ್ಗವೂ ಅದರ ಬೆನ್ನಿಗೆ ಒಂದು ಮುಳ್ಳು.

1791ರ ಬೇಸಗೆಯಲ್ಲಿ ಹರಿಪಂತನು ಬಂದಾಗ ಸಿರಾ ಹೆಚ್ಚು ಪ್ರತಿಭಟನೆಯಿಲ್ಲದೆ ಅವನಿಗೆ ಶರಣಾಯಿತು. ಆದರೆ ಮಧುಗಿರಿ ಶರಣಾಗಲಿಲ್ಲ. ಸಿರಾದಲ್ಲಿ ಒಂದು ಬಲವಾದ ಠಾಣ್ಯವನ್ನು ಇರಿಸಿ, ಮಧುಗಿರಿಯನ್ನು ಮುತ್ತುವುದಕ್ಕೆ ಬಲವಂತ ಸುಬ್ಬರಾಯನೆಂಬ ಸರದಾರನನ್ನು ನಿಯಮಿಸಿ, ಉಳಿದ ಸೈನ್ಯದೊಡನೆ ಅವನು ಶ್ರೀರಂಗಪಟ್ಟಣದ ಕಡೆಗೆ ಹೊರಟನು. ಹೀಗೆ ಹಿಂದಿನ ದಾರಿಯನ್ನು ಭದ್ರಪಡಿಸಿಕೊಳ್ಳುವುದು ಸೇನಾನಿಗೆ ವಿಹಿತವಾದ ಕಾರ್ಯವೇ ಸರಿ. ಆದರೆ ಅಂಥ ಪ್ರತಿಯೊಂದು ಕಾರ್ಯಕ್ಕೂ ಕಾಲ ಹಿಡಿಯುತ್ತದೆ. ಋತುವು ಯಾರಿಗೂ ಕಾಯುವುದಿಲ್ಲ.

3. ಎರಡು ನೀರುಗಳು

ಇಲ್ಲಿ ಭೂಗೋಳದ ಒಂದು ಅಂಶವನ್ನು ಗಮನಿಸಬೇಕು. ಸಿರಾ, ಮಧುಗಿರಿ, ಕೊರಟಗೆರೆ, ಪಾವಗಡಗಳು ಘಟ್ಟದ ಮಳೆನೆರಳಿನ ಪ್ರದೇಶದಲ್ಲಿವೆ. ವರ್ಷಕ್ಕೆ 500ರಿಂದ 700 ಮಿಲಿಮೀಟರಿನಷ್ಟು ಮಳೆ; ಅದರಲ್ಲಿಯೂ ಹೆಚ್ಚಿನ ಭಾಗ ಬೀಳುವುದು ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ. ದೇವರಾಯನದುರ್ಗದಲ್ಲಿ ಹುಟ್ಟುವ ಜಯಮಂಗಲಿಯು ಕೊರಟಗೆರೆ, ಮಧುಗಿರಿ ಸೀಮೆಗಳಲ್ಲಿ ಹರಿದು ಉತ್ತರ ಪಿನಾಕಿನಿಯನ್ನು ಸೇರುತ್ತದೆ. ಬೇಸಗೆಯಲ್ಲಿ ಅದರ ಪಾತ್ರದಲ್ಲಿ ಕಾಣುವುದು ಮರಳೇ. ಮೇ ತಿಂಗಳಿನಲ್ಲಿ ಇಲ್ಲಿ ಸಾಗುವ ಸೈನ್ಯಕ್ಕೆ ಕೆರೆಗಳೇ ಗತಿ. ಒಂದು ಕುದುರೆಗೆ ದಿನಕ್ಕೆ 30 ಲೀಟರು ನೀರೆಂದು ಇಟ್ಟುಕೊಂಡರೂ, ಇಪ್ಪತ್ತು ಸಾವಿರ ಕುದುರೆಗಳಿಗೆ ದಿನಕ್ಕೆ ಆರು ಲಕ್ಷ ಲೀಟರು ಬೇಕಾಗುತ್ತದೆ. ಎತ್ತು, ಒಂಟೆ, ಆನೆ, ಮನುಷ್ಯರ ಲೆಕ್ಕ ಬೇರೆ. ಬೇಸಗೆಯ ಕೊನೆಯಲ್ಲಿ ಊರಿನ ಕೆರೆಯಲ್ಲಿ ಉಳಿದ ನೀರು ಹೀಗೆ ಸೈನ್ಯದ ಪಾಲಾದಾಗ ಆ ಊರಿನ ದನಕರುಗಳ ಗತಿಯೇನಾಯಿತೆಂಬುದನ್ನು ಯಾವ ದಂಡಯಾತ್ರೆಯ ಚರಿತ್ರಕಾರನೂ ಬರೆದಿಡಲಿಲ್ಲ. ನಾವು ಅದನ್ನು ಊಹಿಸಿಕೊಳ್ಳಬೇಕಾಗಿದೆ.

ಶ್ರೀರಂಗಪಟ್ಟಣದ ಸ್ಥಿತಿ ಇದಕ್ಕೆ ತೀರ ವಿರುದ್ಧವಾದುದು. ಅಲ್ಲಿ ಬೀಳುವ ಮಳೆಯೂ ವಿಶೇಷವಾದುದಲ್ಲ. ಆದರೆ ಅದನ್ನು ಸುತ್ತುವರಿದ ಕಾವೇರಿಯು ಕೊಡಗಿನಿಂದ ಬರುವ ನದಿ. ಕೊಡಗಿನ ಸರಾಸರಿ ಮಳೆ 2,500 ಮಿಲಿಮೀಟರಿಗೂ ಮೀರಿದುದು. ಆದ್ದರಿಂದ ಪಟ್ಟಣದ ಬಯಲಿನಲ್ಲಿ ನಿಂತವನು ತನ್ನ ತಲೆಯ ಮೇಲಿನ ಆಕಾಶವನ್ನು ನೋಡಿ ನದಿಯ ಸ್ಥಿತಿಯನ್ನು ಅಳೆಯಲಾರನು. ಮಲೆನಾಡಿನಲ್ಲಿ ಬಿದ್ದ ಮಳೆಯು ಕೆಲವು ದಿನಗಳ ಅನಂತರ ಇಲ್ಲಿ ಪ್ರವಾಹವಾಗಿ ಕಾಣಿಸಿಕೊಳ್ಳುತ್ತದೆ. ಸಾಮಾನ್ಯವಾಗಿ ಜೂನ್ ತಿಂಗಳಿನಲ್ಲಿ ಏರಬೇಕಾದ ನದಿಯು ಆ ವರ್ಷ ಮೇ ಮಧ್ಯದಲ್ಲಿಯೇ, ರೈತರ ಲೆಕ್ಕದಲ್ಲಿ ಕೃತ್ತಿಕೆಯ ಮಳೆಯ ಕಾಲಕ್ಕೇ, ಏರಿತು. ಆಂಗ್ಲ ಸೈನ್ಯದವರು ಎಣಿಸಿದ್ದ ಎರಡು ಮೂರು ವಾರಗಳ ಅವಧಿ ಹೀಗೆ ಕೈಬಿಟ್ಟುಹೋಯಿತು.

4. ಮೇ ತಿಂಗಳಿನ ದಿನಚರಿ

ಮೇ ಮೊದಲ ವಾರದಲ್ಲಿ ಕಾರ್ನ್‌ವಾಲಿಸನು ಬೆಂಗಳೂರನ್ನು ಬಿಟ್ಟನು. ಚನ್ನಪಟ್ಟಣದ ನೇರವಾದ ದಾರಿಯಲ್ಲಿ ಟೀಪುವು ಮೇವನ್ನು ಸುಡಿಸಿ ಊರುಗಳನ್ನು ಬರಿದುಮಾಡಿಸಿದ್ದುದರಿಂದ, ಕಾನಕಾನಹಳ್ಳಿಯ (ಇಂದಿನ ಕನಕಪುರದ) ಕಾಡುದಾರಿಯನ್ನು ಹಿಡಿಯಬೇಕಾಯಿತು. ಸಾಗಾಟದ ಎತ್ತುಗಳು ಮೊದಲೇ ಸಾಲದಾಗಿದ್ದುವು; ಅಧಿಕಾರಿಗಳ ಸ್ವಂತ ಎತ್ತುಬಂಡಿಗಳನ್ನೂ ಬೇಡಿ ಪಡೆದು ಫಿರಂಗಿಯ ಗುಂಡುಗಳನ್ನು ಹೊರಿಸಬೇಕಾಯಿತು. ಹೊರಡುವಾಗಲೇ ಈ ಸೈನ್ಯವು ಹಸಿದ ಎತ್ತುಗಳ ಬೆನ್ನಿನ ಮೇಲಿದ್ದಿತು.

ಮೇ 13ರಂದು ಸೈನ್ಯವು ಶ್ರೀರಂಗಪಟ್ಟಣದ ಕೆಳಗಡೆ ಕಾವೇರಿಯ ದಡದ ಅರಕೆರೆಯನ್ನು ಸೇರಿತು. ಅಲ್ಲಿ ನದಿಯನ್ನು ದಾಟಿ ಅಬರ್‌ಕ್ರಾಂಬಿಯನ್ನು ಕೂಡಬೇಕೆಂಬುದು ಸಂಕಲ್ಪವಾಗಿದ್ದಿತು. ಏರಿದ ನದಿಯು ಅದಕ್ಕೆ ಎಡೆಗೊಡಲಿಲ್ಲ. ಮೇ 15ರ ಯುದ್ಧದಲ್ಲಿ ಟೀಪುವಿನ ಸೈನ್ಯವನ್ನು ಕೋಟೆಯ ಆಶ್ರಯಕ್ಕೆ ಹಿಮ್ಮೆಟ್ಟಿಸಿದರೂ ಆ ಜಯದಿಂದ ಪ್ರಯೋಜನವಾಗಲಿಲ್ಲ. ನದಿಯ ಮೇಲುಭಾಗದಲ್ಲಾದರೂ ದಾಟಬಹುದೆಂದು ಭಾರವಾದ ಫಿರಂಗಿಗಳನ್ನು ಕೆಸರಿನಲ್ಲಿ ಎಳೆಯುತ್ತ ಕನ್ನಂಬಾಡಿಗೆ ಹೋದರು. ಎತ್ತುಗಳು ನೂರುಗಟ್ಟಲೆ ಸತ್ತುವು; ಫಿರಂಗಿಗಳನ್ನು ಸಿಪಾಯಿಗಳೇ ಎಳೆದರು. ಪಾಳೆಯದಲ್ಲಿ ಸಿಡುಬು ಹರಡಿತು, ಅಕ್ಕಿ ಮುಗಿಯುತ್ತ ಬಂದಿತು. ಮೇ 21ರಂದು ಅಬರ್‌ಕ್ರಾಂಬಿಗೆ ಹಿಂತಿರುಗುವಂತೆ ಆಜ್ಞೆ ಹೋಯಿತು. ಮೇ 22ರಂದು ಮುತ್ತಿಗೆಯ ಫಿರಂಗಿಗಳನ್ನು ತಮ್ಮ ಕೈಯಿಂದಲೇ ಒಡೆದುಹಾಕಿದರು.

ಈಗ ಮರಾಠಾ ಸೈನ್ಯಗಳ ಕಡೆಗೆ ನೋಡೋಣ. ಸಿರಾದಿಂದ ಬಂದ ಹರಿಪಂತನೂ, ತುಂಗಭದ್ರೆಯನ್ನು ದಾಟಿ ಬಂದ ಪರಶುರಾಮ ಭಾವೂವೂ ಮೇ 24ರಂದು ನಾಗಮಂಗಲದಲ್ಲಿ ಒಂದುಗೂಡಿದರು. ನಾಗಮಂಗಲಕ್ಕೂ ಕನ್ನಂಬಾಡಿಗೂ ನಡುವೆ ಒಂದೆರಡು ದಿನಗಳ ದಾರಿ. ಮೇ 26ರಂದು ಕಾರ್ನ್‌ವಾಲಿಸನ ಸೈನ್ಯವು ಹಿಂದಕ್ಕೆ ಹೊರಟ ದಿನವೇ, ಮೇಲುಕೋಟೆಯ ಕಡೆಯ ಬಯಲಿನಲ್ಲಿ, ಎದುರಿಗೆ ಕುದುರೆಸವಾರರು ಕಾಣಿಸಿಕೊಂಡರು. ಶತ್ರುಗಳೆಂದು ಮೊದಲು ಭಾವಿಸಿದ ಆಂಗ್ಲರಿಗೆ, ಅವರು ಮರಾಠರೆಂದು ಅನಂತರ ತಿಳಿಯಿತು. ಹರಿಪಂತನ ಹಿಂದೆ ಬಂದ ಬಜಾರಿನಲ್ಲಿ ಧಾನ್ಯವಿದ್ದಿತು. ಹಸಿದವರು ಕೇಳಿದಷ್ಟು ಬೆಲೆ ಕೊಟ್ಟು ಕೊಂಡರು. ಆದರೆ ಫಿರಂಗಿಗಳು ಒಡೆದು ನಾಲ್ಕು ದಿನಗಳಾಗಿದ್ದುವು. ಅಬರ್‌ಕ್ರಾಂಬಿಯು ಘಟ್ಟದ ಕಡೆಗೆ ತಿರುಗಿದ್ದನು.

5. ಮಳೆಯ ಪಾಲೆಷ್ಟು?

ಈ ನಾಲ್ಕು ದಿನಗಳೇ ನಮ್ಮ ಪ್ರಶ್ನೆಯ ತಿರುಳು. ಎರಡು ಮರಾಠಾ ಸೈನ್ಯಗಳು ಇಷ್ಟು ಸಮೀಪಕ್ಕೆ ಬಂದಿದ್ದರೂ ಕಾರ್ನ್‌ವಾಲಿಸನಿಗೆ ಅದರ ಸುಳಿವು ಹತ್ತಲಿಲ್ಲ. ಮಳೆಯು ಅದಕ್ಕೆ ಕಾರಣವಲ್ಲ. ಟೀಪುವಿನ ಹಗುರ ಕುದುರೆದಳವು ಹರಿಕಾರರನ್ನೆಲ್ಲ ದಾರಿಯಲ್ಲಿಯೇ ತಡೆದು, ಇಬ್ಬರು ಮಿತ್ರರ ನಡುವೆ ಒಂದು ಕತ್ತಲೆಯ ಪರದೆಯನ್ನು ಎಳೆದಿದ್ದಿತು. ಎತ್ತುಗಳ ಸಾವಿಗೆ ರೋಗವೂ ಕೆಸರೂ ಕಾರಣಗಳೆಂಬುದು ನಿಜ. ಆದರೆ ಟೀಪುವು ಮೇವನ್ನು ಸುಡಿಸಿ ಅವನ್ನು ಮೊದಲೇ ಸೊರಗಿಸಿದ್ದನು. ಅಂದರೆ, ‘ಪ್ರಕೃತಿಯ ವಿಕೋಪ’ವೆಂದು ನಾವು ಕರೆಯುವುದರಲ್ಲಿ ಒಂದು ದೊಡ್ಡ ಪಾಲು ಎದುರಾಳಿಯ ಯೋಜನೆಯೇ ಆಗಿದ್ದಿತು. ಅದೇ ಮಳೆ ಟೀಪುವಿನ ಮೇಲೆಯೂ ಸುರಿಯಿತು. ಅವನಿಗೆ ಕೋಟೆಯಿದ್ದಿತು, ಕಣಜವಿದ್ದಿತು, ಹಿಂದೆ ಮುಂದೆ ತನ್ನದೇ ನಾಡಿದ್ದಿತು. ಸಮಾನವಾಗಿ ಬಿದ್ದ ಮಳೆಯು ಸಮಾನವಾದ ಫಲವನ್ನು ಕೊಡಲಿಲ್ಲ.

ಇನ್ನೊಂದು ವಿಷಯ. ಈ ದಂಡಯಾತ್ರೆಯ ಪ್ರಸಿದ್ಧ ವೃತ್ತಾಂತಗಳನ್ನು ಬರೆದ ಡಿರೋಮ್, ರಾಡರಿಕ್ ಮೆಕೆಂಜಿ, ಎಡ್ವರ್ಡ್ ಮೂರ್ ಮೊದಲಾದವರು ಆ ಯುದ್ಧದ ಆಂಗ್ಲ ಅಧಿಕಾರಿಗಳು. ಸೇನಾಪತಿಯ ಗೌರವಕ್ಕೆ ಕುಂದು ತಾರದೆ ಹಿಂಜರಿತವನ್ನು ವಿವರಿಸಬೇಕಾದವರಿಗೆ ಮಳೆಯಷ್ಟು ಅನುಕೂಲವಾದ ಕಾರಣ ಇನ್ನೊಂದಿರಲಾರದು. ಮಳೆಯ ಮೇಲೆ ವಿಚಾರಣೆ ನಡೆಯಿಸುವವರಿಲ್ಲ. ಅವರು ಸುಳ್ಳು ಬರೆದರೆಂದು ನಮ್ಮ ಅಭಿಪ್ರಾಯವಲ್ಲ. ಯಾವ ಕಾರಣವನ್ನು ಮುಂದಿಟ್ಟರು, ಯಾವುದನ್ನು ಹಿಂದಿಟ್ಟರು ಎಂಬುದನ್ನು ವಿದ್ಯಾರ್ಥಿಗಳು ಪರಿಶೀಲಿಸಬೇಕೆಂಬುದಷ್ಟೇ.

ಪ್ರಕೃತಿಯೂ ಎಲ್ಲೆಡೆ ಒಂದೇ ಮುಖವನ್ನು ತೋರಿಸಲಿಲ್ಲ. ಕಾವೇರಿಯು ಅಕಾಲದಲ್ಲಿ ತುಂಬಿ ಹರಿದ ಆ ವರ್ಷವೇ ದಖ್ಖಣದ ಉತ್ತರ ಭಾಗಗಳಲ್ಲಿ ಮಳೆ ತಪ್ಪಿ, 1791-92ರ ಘೋರ ಕ್ಷಾಮವುಂಟಾಯಿತು. ಸತ್ತವರ ತಲೆಬುರುಡೆಗಳು ಹೊಲಗಳಲ್ಲಿ ಬಿದ್ದಿದ್ದುವೆಂಬ ಕಾರಣದಿಂದ ಅದಕ್ಕೆ ‘ಡೋಜಿ ಬರ’ವೆಂದು ಹೆಸರಾಯಿತು. 1789ರಿಂದ 1793ರವರೆಗೆ ಶಾಂತಸಾಗರದಲ್ಲಿ ತಲೆದೋರಿದ್ದ ಪ್ರಬಲವಾದ ‘ಎಲ್ ನಿನೋ’ ಸ್ಥಿತಿಯೊಡನೆ ಈ ಬರಕ್ಕೆ ಸಂಬಂಧವಿದೆಯೆಂದು ಇತ್ತೀಚಿನ ಹವಾಮಾನ ಇತಿಹಾಸಕಾರರು ತೋರಿಸಿದ್ದಾರೆ. ಒಂದು ಕಡೆ ನೆರೆ, ಮತ್ತೊಂದು ಕಡೆ ಬರ. ಸೈನ್ಯಗಳು ಈ ಎರಡರ ನಡುವೆ ಧಾನ್ಯವನ್ನು ಹುಡುಕುತ್ತಿದ್ದುವು.

6. ಎರಡನೆಯ ಪ್ರಯತ್ನ

ಕಾರ್ನ್‌ವಾಲಿಸನು ಪಾಠವನ್ನು ಕಲಿತನೆಂಬುದಕ್ಕೆ ಮುಂದಿನ ಎಂಟು ತಿಂಗಳುಗಳೇ ಸಾಕ್ಷಿ. ಅವನು ಬಣಜಾರರನ್ನು ಪ್ರೋತ್ಸಾಹಿಸಿ ಧಾನ್ಯದ ಸರಬರಾಜನ್ನು ವ್ಯವಸ್ಥೆಗೊಳಿಸಿದನು. ಸರಬರಾಜಿನ ದಾರಿಗಳನ್ನು ಕಾಯುತ್ತಿದ್ದ ನಂದಿದುರ್ಗವನ್ನು ಅಕ್ಟೋಬರ್ 19ರಂದೂ, ಸಾವನದುರ್ಗವನ್ನು ಡಿಸೆಂಬರ್ 21ರಂದೂ ಹಿಡಿದನು. ನದಿಯು ಇಳಿದು ಹಾಯ್ಗಡಗಳು ತೆರೆದಿರುವ ಫೆಬ್ರವರಿ ತಿಂಗಳನ್ನು ಆರಿಸಿಕೊಂಡು, 1792ರ ಫೆಬ್ರವರಿ 6ರ ರಾತ್ರಿ ಶ್ರೀರಂಗಪಟ್ಟಣದ ಹೊರವಲಯದ ಮೇಲೆ ಬಿದ್ದನು. ಅಬರ್‌ಕ್ರಾಂಬಿಯು 16ರಂದು ಬಂದು ಕೂಡಿದನು.

ಇದಕ್ಕಿಂತಲೂ ಗಮನಾರ್ಹವಾದುದು ಮತ್ತೊಂದು. 1791ರ ಜುಲೈ ತಿಂಗಳಿನಲ್ಲಿ ಹರಿಪಂತನು ಕಾರ್ನ್‌ವಾಲಿಸನ ಜೊತೆಯಲ್ಲಿಯೇ ಉಳಿದನು. ಪರಶುರಾಮ ಭಾವೂವು ಸಿರಾದ ಕಡೆಗೆ, ಅಲ್ಲಿಂದ ಚಿತ್ರದುರ್ಗದ ಸೀಮೆಗೆ ಹೋದನು. ಅವನು ಮತ್ತೆ ಬಂದು ಕೂಡಬೇಕಾಗಿದ್ದಿತು; ಬರಲಿಲ್ಲ. ಶಿವಮೊಗ್ಗೆಯನ್ನು ಗೆದ್ದು ಬಿದನೂರಿನ ಕಡೆಗೆ ತಿರುಗಿದ ಅವನು ಶ್ರೀರಂಗಪಟ್ಟಣಕ್ಕೆ ಬಂದುದು ಯುದ್ಧವು ನಿಂತ ಮೇಲೆ. ಮೊದಲನೆಯ ಸಲದಂತೆಯೇ ಮಿತ್ರನು ತಡಮಾಡಿದನು; ಆದರೆ ಈ ಸಲ ಯೋಜನೆಯು ಕೆಡಲಿಲ್ಲ. ಒಬ್ಬನು ತಡಮಾಡಿದರೂ ನಡೆಯುವಂತೆ ಅದನ್ನು ಹೊಂದಿಸಲಾಗಿದ್ದುದೇ ಅದಕ್ಕೆ ಕಾರಣ.

ಉಪಸಂಹಾರ

1792ರ ಮಾರ್ಚ್ ತಿಂಗಳಿನ ಸಂಧಾನದಂತೆ ಟೀಪುವು ರಾಜ್ಯದ ಅರ್ಧಭಾಗವನ್ನೂ 3 ಕೋಟಿ 30 ಲಕ್ಷ ರೂಪಾಯಿಗಳನ್ನೂ ಒಪ್ಪಿಸಬೇಕಾಯಿತು. ಇಬ್ಬರು ಮಕ್ಕಳು ಒತ್ತೆಯಾಳುಗಳಾಗಿ ಹೋದರು. ಸಿರಾ, ಮಧುಗಿರಿಗಳು ಮಾತ್ರ ಮೈಸೂರಿಗೇ ಉಳಿದುವು. ಯುದ್ಧಕ್ಕೆ ದಾರಿಯಾಗಿ, ಮೇವಾಗಿ, ಕೆರೆಯ ನೀರಾಗಿ ಒದಗಿದ ಈ ಸೀಮೆಯ ಜನರಿಗೆ ಒಡೆಯರು ಬದಲಾಗಲಿಲ್ಲ. ಆದ ನಷ್ಟವನ್ನು ಲೆಕ್ಕಹಾಕಿದವರೂ ಇಲ್ಲ. ಫಿರಂಗಿಗಳನ್ನು ಒಡೆದ ಪ್ರದೇಶದ ಹಳೆಯ ಕನ್ನಂಬಾಡಿ ಗ್ರಾಮವು ಇಂದು ಕೃಷ್ಣರಾಜಸಾಗರದ ನೀರಿನಡಿಯಲ್ಲಿದೆ. ಅಂದು ಸೈನ್ಯವನ್ನು ತಡೆದ ಪ್ರವಾಹವನ್ನೇ ಅನಂತರದ ಮೈಸೂರು ಅಣೆಕಟ್ಟಿನಿಂದ ತಡೆದುನಿಲ್ಲಿಸಿತು.

ಆದುದರಿಂದ “ಮಳೆಯಿಂದ ದಂಡಯಾತ್ರೆ ಕೆಟ್ಟಿತು” ಎಂಬ ವಾಕ್ಯವನ್ನು ತರಗತಿಯಲ್ಲಿ ಓದಿದಾಗ ಮೂರು ಪ್ರಶ್ನೆಗಳನ್ನು ಕೇಳಬೇಕು. ಆ ಮಳೆಯು ಇಬ್ಬರಿಗೂ ಒಂದೇ ಬಗೆಯ ತೊಂದರೆ ಕೊಟ್ಟಿತೇ? ಮಳೆಯಿಲ್ಲದಿದ್ದರೆ ಯೋಜನೆಯು ನಿಲ್ಲುತ್ತಿದ್ದಿತೇ? ಮಳೆಯ ಕಥೆಯನ್ನು ಬರೆದವರು ಯಾರು? ಬೂದಿಯ ಮೋಡವಾಗಲಿ, ಕೃತ್ತಿಕೆಯ ನೆರೆಯಾಗಲಿ, ಒಕ್ಕೂಟವನ್ನು ಮೊದಲು ಸೀಳುವುದು ಅದರ ಹೊಲಿಗೆಯಲ್ಲಿ. 1791ರಲ್ಲಿ ಆ ಹೊಲಿಗೆಯು ನಾಗಮಂಗಲಕ್ಕೂ ಕನ್ನಂಬಾಡಿಗೂ ನಡುವಣ ಒಂದೆರಡು ದಿನಗಳ ದಾರಿಯಲ್ಲಿದ್ದಿತು. ಒಬ್ಬ ಹರಿಕಾರನು ಆ ದಾರಿಯನ್ನು ದಾಟಿ ಬಂದಿದ್ದರೆ, ಪಟ್ಟಣವು ಬೀಳುತ್ತಿದ್ದಿತೆಂದು ಹೇಳಲಾಗದಿದ್ದರೂ, ಫಿರಂಗಿಗಳಂತೂ ಉಳಿಯುತ್ತಿದ್ದುವು.